ದೂರದಲ್ಲಿ ಕುಳಿತು ಹಸುವಿನ ಗರ್ಭ ಪರೀಕ್ಷಿಸುವುದು

ಕೇಳುಗರಿಗೆ ನಮಸ್ಕಾರ. ಹಸುವಿನ ಗರ್ಭಕೋಶದ ಅಲ್ಟ್ರಾಸೌಂಡ್ ಚಿತ್ರವನ್ನು ಕೊಟ್ಟಿಗೆಯಲ್ಲೇ ತೆಗೆದು, ದೂರದಲ್ಲಿರುವ ತಜ್ಞರಿಗೆ ಕಳುಹಿಸಿ, ಅವರ ಅಭಿಪ್ರಾಯ ಪಡೆಯುವ ಪದ್ಧತಿ ಈಗ ಬಳಕೆಗೆ ಬಂದಿದೆ. ಹತ್ತಿರದಲ್ಲಿ ಪರಿಣತರಿಲ್ಲದ ಕಡೆ ಇದು ದೊಡ್ಡ ಅನುಕೂಲ. ಆದರೆ ಎಂಥ ಚಿತ್ರ ಕಳುಹಿಸಬೇಕು ಎಂಬ ವಿಚಾರದಲ್ಲಿ ನಾವು ಇನ್ನೂ ಸಾಕಷ್ಟು ಎಚ್ಚರ ವಹಿಸುತ್ತಿಲ್ಲ ಎಂದು ನನಗೆ ಅನಿಸುತ್ತದೆ.

ಕೃತಕ ಗರ್ಭಧಾರಣೆ ಮಾಡಿಸಿದ 28ರಿಂದ 30ನೆಯ ದಿನದ ಹೊತ್ತಿಗೆ, ಗುದನಾಳದೊಳಗೆ ಪ್ರೋಬ್, ಅಂದರೆ ಅಲ್ಟ್ರಾಸೌಂಡ್ ಯಂತ್ರದ ಚಿತ್ರ ಹಿಡಿಯುವ ಭಾಗ, ಹಿಡಿದು ನೋಡಿದರೆ, ಗಬ್ಬ ನಿಂತಿದೆಯೇ ಎಂಬುದು ತಿಳಿಯುತ್ತದೆ. ತೆರೆಯ ಮೇಲೆ ದ್ರವ ಕಪ್ಪಗೆ, ಗರ್ಭಕೋಶದ ಗೋಡೆ ಬೂದುಬಣ್ಣದಲ್ಲಿ ಕಾಣುತ್ತದೆ. ಆ ಕಪ್ಪಿನ ನಡುವೆ ಸುಮಾರು 1 ಸೆಂಟಿಮೀಟರ್ ಉದ್ದದ ಬೂದು ಆಕೃತಿ, ಅದರೊಳಗೆ ಪಟಪಟನೆ ಮಿಡಿಯುವ ಒಂದು ಬಿಂದು. ಅದೇ ಹುಟ್ಟಲಿರುವ ಕರುವಿನ ಹೃದಯ. ಎಷ್ಟು ಸಲ ನೋಡಿದರೂ ಆ ಮಿಡಿತದ ಮುಂದೆ ಕ್ಷಣಕಾಲ ಸುಮ್ಮನಾಗುತ್ತೇನೆ.

ಬೆದೆಗೆ ಬಂದ ಹಸುವಿನ ಗರ್ಭಕೋಶದಲ್ಲೂ ಒಂದಿಷ್ಟು ದ್ರವ ಇರುತ್ತದೆ, ಅದೂ ಕಪ್ಪಗೇ ಕಾಣುತ್ತದೆ. ಕೀವು ತುಂಬಿದ್ದರೆ ದ್ರವದಲ್ಲಿ ಬೂದು ಚುಕ್ಕೆಗಳು ತೇಲಾಡುತ್ತವೆ. ಒಂದೇ ಒಂದು ಸ್ಥಿರಚಿತ್ರದಲ್ಲಿ ಮಿಡಿತವೂ ಕಾಣದು, ತೇಲಾಟವೂ ಕಾಣದು. ಪ್ರೋಬ್ ತುಸು ಆಚೀಚೆಯಾಗಿದ್ದರೆ ಭ್ರೂಣವೇ ಚಿತ್ರದೊಳಗೆ ಬಂದಿರುವುದಿಲ್ಲ. ಅಂಥ ಚಿತ್ರವನ್ನು ನೋಡಿ ಹಸು ಖಾಲಿ ಎಂದು ತೀರ್ಮಾನಿಸಿ, ಬೆದೆಗೆ ತರಲೆಂದು ಪ್ರೊಸ್ಟಾಗ್ಲಾಂಡಿನ್ ಚುಚ್ಚುಮದ್ದು ಕೊಟ್ಟರೆ, ಗಬ್ಬವಾಗಿದ್ದ ಹಸು ಕಂದು ಹಾಕುತ್ತದೆ. ದೂರದ ಕಣ್ಣು ಎಷ್ಟೇ ನುರಿತದ್ದಾದರೂ, ಕೊಟ್ಟಿಗೆಯಲ್ಲಿರುವ ಕೈ ಹಿಡಿದುಕೊಟ್ಟಷ್ಟನ್ನೇ ಅದು ನೋಡಬಲ್ಲದು. ಚಿತ್ರವನ್ನು ತಾನಾಗಿ ಗುರುತಿಸುವ ಗಣಕ ತಂತ್ರಾಂಶಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಆದ್ದರಿಂದ ಸ್ಥಿರಚಿತ್ರದ ಬದಲು ವಿಡಿಯೊ ಕಳುಹಿಸಿ. ಗರ್ಭಕೋಶದ ಎರಡೂ ಕೊಂಬುಗಳನ್ನು, ಎರಡೂ ಅಂಡಾಶಯಗಳನ್ನು ಪ್ರೋಬ್ ನಿಧಾನವಾಗಿ ಸರಿಸುತ್ತ ಬೇರೆಬೇರೆಯಾಗಿ ತೋರಿಸಬೇಕು. ಅಂಡ ಬಿಡುಗಡೆಯಾದ ಜಾಗದಲ್ಲಿ ಅಂಡಾಶಯದ ಮೇಲೆ ಬೆಳೆಯುವ ಕಾರ್ಪಸ್ ಲೂಟಿಯಂ ಎಂಬ ಗಂಟಿನ ನಡುವೆಯೂ ಕೆಲವೊಮ್ಮೆ ದ್ರವ ತುಂಬಿರುವುದುಂಟು. ಸುತ್ತಲಿನ ದಪ್ಪ ಬೂದು ಅಂಚನ್ನು ಪೂರ್ತಿ ತೋರಿಸದಿದ್ದರೆ ಅದನ್ನು ಅಂಡಕೋಶಿಕೆ, ಅಂದರೆ ಅಂಡ ಬೆಳೆಯುವ ದ್ರವದ ಚೀಲ, ಎಂದು ತಪ್ಪು ತಿಳಿಯುವ ಸಾಧ್ಯತೆಯಿದೆ. ಅಳತೆಪಟ್ಟಿ ತೆರೆಯ ಮೇಲೆ ಕಾಣುವಂತಿರಲಿ. ಯಂತ್ರದ ತೆರೆಯನ್ನು ಮೊಬೈಲಿನಲ್ಲಿ ಸೆರೆಹಿಡಿದರೆ ಬೆಳಕಿನ ಪ್ರತಿಫಲನ ಬೂದು ಛಾಯೆಗಳನ್ನು ಮರೆಮಾಡುತ್ತದೆ, ಹಾಗಾಗಿ ಯಂತ್ರದಲ್ಲಿ ಉಳಿಸಿದ ಮೂಲ ಕಡತವನ್ನೇ ಕಳುಹಿಸುವುದು ಒಳ್ಳೆಯದು. ಜೊತೆಗೆ ಹಸುವಿನ ಕಿವಿಯೋಲೆ ಸಂಖ್ಯೆ, ಹಿಂದಿನ ಸಲ ಕರು ಹಾಕಿದ ದಿನ, ಗರ್ಭಧಾರಣೆ ಮಾಡಿಸಿದ ದಿನ ಇವಿಷ್ಟನ್ನು ತಪ್ಪದೆ ಬರೆಯಿರಿ. ದಿನದ ಲೆಕ್ಕವಿಲ್ಲದೆ ಭ್ರೂಣದ ಬೆಳವಣಿಗೆ ಸರಿಯಾಗಿದೆಯೇ ಎಂದು ಅಳೆಯಲಾಗದು.

ಮೊದಲ ಪರೀಕ್ಷೆಯಲ್ಲಿ ಗಬ್ಬ ಖಚಿತವಾದರೂ 60ನೆಯ ದಿನದ ಸುಮಾರಿಗೆ ಮತ್ತೊಮ್ಮೆ ನೋಡಿಸಬೇಕು, ಏಕೆಂದರೆ ಈ ಅವಧಿಯಲ್ಲಿ ಕೆಲವು ಭ್ರೂಣಗಳು ಉಳಿಯುವುದಿಲ್ಲ. ಇನ್ನು, ತಜ್ಞರು ಕೆಲವೊಮ್ಮೆ ‘ಒಂದು ವಾರ ಬಿಟ್ಟು ಮತ್ತೆ ತೋರಿಸಿ’ ಎನ್ನುತ್ತಾರೆ. ಅದನ್ನು ಉತ್ತರ ತಪ್ಪಿಸುವ ಮಾತೆಂದು ಬೇಸರಪಡಬೇಡಿ. ಆ ಒಂದು ವಾರ ಚುಚ್ಚುಮದ್ದನ್ನು ಮುಟ್ಟದೆ, ಹಸು ಮತ್ತೆ ಬೆದೆಗೆ ಬರುತ್ತದೆಯೇ ಎಂದು ಬೆಳಗ್ಗೆ ಸಂಜೆ ಗಮನಿಸುತ್ತಿರಿ.