ಭರತನಾಟ್ಯದ ಉಡುಗೆಯ ಫ್ಯಾನ್‌ಗೂ ರಷ್ಯಾದ ಬ್ಯಾಲೆಗೂ ಏನು ನಂಟು?

(ಗ್ರೀನ್ ರೂಮ್. ಕನ್ನಡಿ ಮುಂದೆ ಒಂದು ಹುಡುಗಿ, ಸುತ್ತ ನಾಲ್ಕು ಜನ, ಕೈತುಂಬ ಸೇಫ್ಟಿ ಪಿನ್ನು)

ನಮಸ್ಕಾರ. ಮೊನ್ನೆ ನನ್ನ ಅಕ್ಕನ ಮಗಳ ರಂಗಪ್ರವೇಶ ಇತ್ತು. ಅವಳಿಗೆ ಕಾಸ್ಟ್ಯೂಮ್ ತೊಡಿಸೋಕೆ ನಾನೂ ಕೈ ಜೋಡಿಸಿದ್ದೆ. ಮೊದಲು ಪೈಜಾಮ, ರವಿಕೆ. ಆಮೇಲೆ ಮುಂದಿನ ಫ್ಯಾನ್ (ಬೀಸಣಿಗೆ ಹಾಗೆ ಬಿಚ್ಚಿಕೊಳ್ಳುವ ನೆರಿಗೆ), ಹಿಂದಿನ ಭಾಗ, ಮೇಲೊಂದು ಸೆರಗು. ಎಲ್ಲಾ ಬಿಡಿಬಿಡಿ, ಎಲ್ಲಕ್ಕೂ ಹುಕ್ಕು. ಹತ್ತು ನಿಮಿಷದಲ್ಲಿ ಮುಗೀತು. ಮೂಲೆಯಲ್ಲಿ ಕೂತು ನೋಡ್ತಿದ್ದ ನಮ್ಮ ದೊಡ್ಡಮ್ಮ ಕೇಳಿದರು: "ಇದು ಸೀರೆ ಕತ್ತರಿಸಿ ಹೊಲಿದಿದ್ದಲ್ವೇನೋ? ಹಿಂದೆ ದೇವಸ್ಥಾನದಲ್ಲಿ ಕುಣೀತಿದ್ದೋರು ಇದನ್ನೇ ಉಡ್ತಿದ್ರಾ?"

ನನಗೆ ಉತ್ತರ ಗೊತ್ತಿರಲಿಲ್ಲ. ಹುಡುಕ್ತಾ ಹೋದೆ. ಮದ್ರಾಸಿನ ಅಡ್ಯಾರಿಗೆ ಹೋಗಿ ನಿಂತೆ. ಅಲ್ಲಿಂದ ದಾರಿ ಒಂದು ಹಡಗಿಗೆ ಹೋಯ್ತು. ಆ ಹಡಗಿನಲ್ಲಿ ರಷ್ಯಾದ ಒಬ್ಬ ಬ್ಯಾಲೆ ನರ್ತಕಿ ಇದ್ದರು: ಅನ್ನಾ ಪಾವ್ಲೋವಾ.

ಇವರ ಬಗ್ಗೆ ಚುಟುಕಾಗಿ ಹೇಳಿಬಿಡ್ತೀನಿ. 1881ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದವರು. ಮಾರಿನ್‌ಸ್ಕಿ ರಂಗಮಂದಿರದ ತಾರೆ. ಸಾಯುವ ಹಂಸದ ಆ ಪುಟ್ಟ ನೃತ್ಯದಿಂದ ಜಗತ್ತಿಗೆಲ್ಲ ಪರಿಚಯವಾದವರು. 1912ರಿಂದ ಲಂಡನ್ನಿನಲ್ಲಿ ಮನೆ, ಸ್ವಂತ ಕಂಪನಿ. ಕಂಪನಿ ಅಂದರೆ ನಮ್ಮ ಹಳೇ ನಾಟಕ ಕಂಪನಿಗಳನ್ನ ನೆನಪು ಮಾಡಿಕೊಳ್ಳಿ. ಪರದೆ, ಪೆಟ್ಟಿಗೆ, ಪಾತ್ರಧಾರಿಗಳು, ವಾದ್ಯದವರು, ಬಟ್ಟೆಬರೆ ಎಲ್ಲವನ್ನೂ ಹೇರಿಕೊಂಡು ಊರಿಂದ ಊರಿಗೆ ಹೋಗೋದು. ಗುಬ್ಬಿ ಕಂಪನಿಯವರು ರೈಲಿನಲ್ಲಿ ಹೋಗ್ತಿದ್ದರು, ಪಾವ್ಲೋವಾ ಹಡಗು ಹತ್ತಿ ಖಂಡಗಳನ್ನೇ ದಾಟ್ತಿದ್ದರು. ಬ್ಯಾಲೆ ಅನ್ನೋ ಮಾತನ್ನೇ ಕೇಳದ ಊರುಗಳಲ್ಲೂ ಕುಣಿದು ಬಂದರು.

1922-23ರಲ್ಲಿ ಈ ಕಂಪನಿ ಪೂರ್ವದ ಕಡೆ ಬಂತು. ಜಪಾನ್, ಚೀನಾ, ಆಮೇಲೆ ಭಾರತ. ಜಪಾನಿನಲ್ಲಿ ಪಾವ್ಲೋವಾ ಮತ್ತು ಅವರ ನರ್ತಕಿಯರು ಅಲ್ಲಿನ ಗುರುಗಳ ಮುಂದೆ ವಿದ್ಯಾರ್ಥಿಗಳಾಗಿ ನಿಂತು ಪಾಠ ಹೇಳಿಸಿಕೊಂಡರು. ಕಲಿತದ್ದನ್ನ ಮುಂದೆ ತಮ್ಮ ವೇದಿಕೆಗೂ ತಂದರು. ಭಾರತಕ್ಕೆ ಬಂದಾಗಲೂ ಅದೇ ಆಸೆ. ನಿಮ್ಮ ನೃತ್ಯ ಎಲ್ಲಿದೆ, ತೋರಿಸಿ ಅಂತ ವಿಚಾರಿಸಿದರು. ಮನಸ್ಸಿಗೆ ಹಿಡಿಸುವಂಥದ್ದು ಏನೂ ಕಣ್ಣಿಗೆ ಬೀಳಲಿಲ್ಲ. ನೋಡಿದ್ದು ಗುಡಿಯ ಶಿಲ್ಪ, ಅಜಂತಾದ ಚಿತ್ರ. ಕಲ್ಲಿನಲ್ಲಿ, ಬಣ್ಣದಲ್ಲಿ ಕುಣಿತ ಇತ್ತು. ಮನುಷ್ಯರ ಕುಣಿತವನ್ನ ತೋರಿಸುವವರು ಸಿಗಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆಗ ನಮ್ಮಲ್ಲಿ ನೃತ್ಯ ಸತ್ತಿತ್ತಾ? ಖಂಡಿತ ಇಲ್ಲ.

(ಜಟ್ಟಿ ತಾಯಮ್ಮನವರ ಹಳೇ ಫೋಟೋ)

ಇವರು ಜಟ್ಟಿ ತಾಯಮ್ಮ, ಮೈಸೂರು ಅರಮನೆಯ ನರ್ತಕಿ. 1857ರಲ್ಲಿ ಹುಟ್ಟಿದವರು. ಪಾವ್ಲೋವಾ ಕಲ್ಕತ್ತಾ, ಬೊಂಬಾಯಿಯಲ್ಲಿ ಕುಣೀತಿದ್ದಾಗ ತಾಯಮ್ಮನವರಿಗೆ ಅರವತ್ತೈದರ ಆಸುಪಾಸು. ಅಭಿನಯದಲ್ಲಿ ಅವರನ್ನ ಮೀರಿಸುವವರಿಲ್ಲ ಅಂತ ಹೆಸರು. ಅವರ ಶಿಷ್ಯೆ ವೆಂಕಟಲಕ್ಷಮ್ಮ, ಕಡೂರು ಕಡೆಯ ಲಂಬಾಣಿ ತಾಂಡಾದಿಂದ ಬಂದ ಹುಡುಗಿ, ಆಗಿನ್ನೂ ಹದಿನಾರರ ಪ್ರಾಯ. ಮುಂದೆ ಪದ್ಮಭೂಷಣ ಪಡೆದರಲ್ಲ, ಅವರೇ. ಮುಂದೆ ಭರತನಾಟ್ಯದ ದೊಡ್ಡ ಹೆಸರಾದ ಬಾಲಸರಸ್ವತಿ ಆಗ ಮದ್ರಾಸಿನಲ್ಲಿ ನಾಲ್ಕು ವರ್ಷದ ಕೂಸು. ತಂಜಾವೂರು ಸೀಮೆಯ ಪಂದನಲ್ಲೂರಿನಲ್ಲಿ ಮೀನಾಕ್ಷಿಸುಂದರಂ ಪಿಳ್ಳೈ ಎಂಬ ನಟ್ಟುವನಾರರು, ಅಂದರೆ ನೃತ್ಯದ ಗುರುಗಳು, ಪಾಠ ಹೇಳ್ತಾ ಇದ್ದರು. ಈ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಮತ್ತೆ ಬರುತ್ತೆ.

ನೃತ್ಯ ಇತ್ತು. ಆದರೆ ಇಂಗ್ಲಿಷ್ ಓದಿದ ಮನೆಗಳಿಗೆ ಅದರ ಹೆಸರೆತ್ತಲೂ ನಾಚಿಕೆ. ದೇವದಾಸಿ ಪದ್ಧತಿಯ ವಿರುದ್ಧ ಚಳವಳಿ ನಡೀತಿತ್ತು. ಮೈಸೂರು ಸಂಸ್ಥಾನ 1909ರಲ್ಲೇ ದೇವಸ್ಥಾನಗಳಲ್ಲಿ ಆ ಸೇವೆಯನ್ನ ನಿಲ್ಲಿಸಿತ್ತು. ಪದ್ಧತಿಯಲ್ಲಿ ಹೆಣ್ಣುಮಕ್ಕಳಿಗೆ ಆಗ್ತಿದ್ದ ಅನ್ಯಾಯ ನಿಜ, ಅದು ನಿಲ್ಲಬೇಕಿತ್ತು. ಆದರೆ ಅನ್ಯಾಯದ ಜೊತೆಗೆ ಆ ಹೆಂಗಸರ ವಿದ್ಯೆಯನ್ನೂ ಮೈಲಿಗೆ ಅಂತ ಬಾಗಿಲಾಚೆ ಇಟ್ಟರಲ್ಲ, ಅದು ನನಗೆ ಇವತ್ತಿಗೂ ನೋವಿನ ವಿಷಯ. ದೂರದ ಊರಿನಿಂದ ಬಂದ ಕಲಾವಿದೆ ನಿಮ್ಮ ಕಲೆ ತೋರಿಸಿ ಅಂದಾಗ ಇವರನ್ನ ಕರೆಸಿ ಕೂರಿಸುವವರು ಒಬ್ಬರೂ ಇರಲಿಲ್ಲ.

ಪಾವ್ಲೋವಾ ಲಂಡನ್ನಿಗೆ ವಾಪಸಾದರು, ಆದರೆ ಭಾರತ ತಲೆಯಲ್ಲೇ ಉಳೀತು. ಭಾರತದ ಮೇಲೊಂದು ಬ್ಯಾಲೆ ಮಾಡಬೇಕು, ಸಹಾಯಕ್ಕೆ ಭಾರತೀಯರು ಬೇಕು. ಆಗ ಸಿಕ್ಕಿದ್ದು ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಚಿತ್ರಕಲೆ ಓದ್ತಿದ್ದ ಒಬ್ಬ ಬಂಗಾಳಿ ಯುವಕ. ಹೆಸರು ಉದಯ ಶಂಕರ್. ಸಿತಾರ್ ರವಿಶಂಕರ್ ಅವರ ದೊಡ್ಡಣ್ಣ. ಅವರು ಯಾವ ಗುರುವಿನ ಹತ್ತಿರವೂ ಕ್ರಮವಾಗಿ ನೃತ್ಯ ಕಲಿತವರಲ್ಲ! ಕಂಡ ಹಬ್ಬ, ಕಂಡ ಚಿತ್ರ, ಮೈಯಲ್ಲಿದ್ದ ಲಯ, ಇಷ್ಟೇ ಬಂಡವಾಳ. ಅಷ್ಟರಲ್ಲೇ ಒಂದು ಹಿಂದೂ ಮದುವೆಯ ದೃಶ್ಯ, ಒಂದು ರಾಧಾ-ಕೃಷ್ಣರ ದೃಶ್ಯ ಕಟ್ಟಿಕೊಟ್ಟರು. ಸಂಗೀತ ಕೊಟ್ಟವರು ಕೋಮೊಲತಾ ಬ್ಯಾನರ್ಜಿ. 1923ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿ ಪರದೆ ಎದ್ದಾಗ ಪಾವ್ಲೋವಾ ರಾಧೆ, ಉದಯ ಶಂಕರ್ ಕೃಷ್ಣ.

ಅಲ್ಲಿಂದ ಕಂಪನಿಯ ಜೊತೆ ಅಮೆರಿಕಕ್ಕೆ. ತಿಂಗಳುಗಟ್ಟಲೆ ಪ್ರವಾಸ. ಕಂಪನಿಯವರು ಬ್ಯಾಲೆ ಅಭ್ಯಾಸ ಮಾಡ್ತಿದ್ದರೆ ಈ ಹುಡುಗನಿಗೂ ಕಲಿಯುವ ಆಸೆ. ಪಾವ್ಲೋವಾ ಬೇಡ ಅಂದರು. ನಿನ್ನ ನಾಡಿನಲ್ಲೇ ಇಷ್ಟೊಂದು ಇರುವಾಗ ಇದನ್ನ ಯಾಕೆ ಕಲೀತೀಯ, ಅದನ್ನೇ ನಮಗೆ ತಂದು ತೋರಿಸು ಅನ್ನೋದು ಅವರ ಮಾತಿನ ತಾತ್ಪರ್ಯ. ಅವರು ಕಲಿಸಿಬಿಟ್ಟಿದ್ದರೆ ಉದಯ ಶಂಕರ್ ಬ್ಯಾಲೆ ಕಂಪನಿಯ ಹಿಂದಿನ ಸಾಲಿನಲ್ಲಿ ಒಬ್ಬರಾಗಿ ಉಳೀತಿದ್ದರೇನೋ.

ಈಗ ಹಡಗಿನ ಕಥೆ.

1920ರ ದಶಕದ ಕೊನೆ. ಪಾವ್ಲೋವಾ ಕಂಪನಿ ಇನ್ನೊಮ್ಮೆ ಈ ಕಡೆ ಬಂದಿತ್ತು. ಬೊಂಬಾಯಿಯಲ್ಲಿ ಅವರ ನೃತ್ಯ ನೋಡಿ ಮೈಮರೆತವರಲ್ಲಿ ರುಕ್ಮಿಣೀ ದೇವಿ ಒಬ್ಬರು. 1904ರಲ್ಲಿ ಮಧುರೈಯಲ್ಲಿ ಹುಟ್ಟಿದವರು, ಅಡ್ಯಾರಿನಲ್ಲಿ ನೆಲೆಯಿದ್ದ ಥಿಯಾಸಫಿಕಲ್ ಸೊಸೈಟಿ ಅನ್ನೋ ಆಧ್ಯಾತ್ಮಿಕ ಸಂಘದ ಮನೆತನ, ಇಂಗ್ಲೆಂಡಿನ ಜಾರ್ಜ್ ಅರುಂಡೇಲ್ ಅವರ ಹೆಂಡತಿ. ಮುಂದೆ ಇಬ್ಬರ ಪ್ರಯಾಣವೂ ಒಂದೇ ಹಡಗಿನಲ್ಲಿ ಬಿತ್ತು. ಹಡಗಿನಲ್ಲಿ ವಾರಗಟ್ಟಲೆ ಏನು ಕೆಲಸ? ಮಾತು ಬೆಳೀತು, ಸ್ನೇಹ ಆಯ್ತು. ನಿಮ್ಮ ಹಾಗೆ ಕುಣಿಯೋಕೆ ನನಗೆ ಈ ಜನ್ಮದಲ್ಲಿ ಆಗೋಲ್ಲ ಅಂತ ಇವರು ಅಂದರೆ, ನೀವು ಕುಣಿಯೋದೇ ಬೇಡ, ವೇದಿಕೆ ಮೇಲೆ ಸುಮ್ಮನೆ ನಡೆದರೂ ಜನ ನೋಡ್ತಾರೆ ಅಂದರಂತೆ ಅವರು. ಹಾಗಂದು ಸುಮ್ಮನಾಗಲಿಲ್ಲ. ಕಂಪನಿಯ ನರ್ತಕಿ ಕ್ಲಿಯೊ ನೋರ್ಡಿ ಅವರಿಗೆ ಹೇಳಿ ರುಕ್ಮಿಣೀ ದೇವಿಯವರಿಗೆ ಬ್ಯಾಲೆ ಪಾಠ ಹಾಕಿಸಿದರು. ಜೊತೆಗೇ ಇನ್ನೊಂದು ಮಾತು: ನಿಮ್ಮ ದೇಶದ ನೃತ್ಯವನ್ನೂ ಹುಡುಕಿ.

ಗಮನಿಸಿದಿರಾ? ಉದಯ ಶಂಕರರಿಗೆ ಹೇಳಿದ್ದೇ ಇವರಿಗೂ. ಭಾರತದಲ್ಲಿ ತಾವು ಹುಡುಕಿ ಸಿಗದೇ ಹೋದದ್ದನ್ನ ಇಬ್ಬರು ಭಾರತೀಯರ ಕೈಲಿ ಹುಡುಕಿಸಿದರು.

ಪಾವ್ಲೋವಾ 1931ರ ಜನವರಿಯಲ್ಲಿ ತೀರಿಕೊಂಡರು. 1933ರಲ್ಲಿ ಮದ್ರಾಸ್ ಮ್ಯೂಸಿಕ್ ಅಕಾಡೆಮಿಯಲ್ಲಿ ಪಂದನಲ್ಲೂರಿನ ಇಬ್ಬರು ಅಕ್ಕತಂಗಿಯರ ನೃತ್ಯವನ್ನ ರುಕ್ಮಿಣೀ ದೇವಿ ನೋಡಿದರು. ಅವರ ಗುರು ಯಾರು? ಮೀನಾಕ್ಷಿಸುಂದರಂ ಪಿಳ್ಳೈ. ಮೈಲಾಪುರದ ಗೌರಿ ಅಮ್ಮಾಳ್ ಅವರಿಂದ ಅಭಿನಯ, ಪಿಳ್ಳೈಯವರಿಂದ ಅಡವು (ಹೆಜ್ಜೆಗಳು), ಜತಿ (ತಾಳದ ಸೊಲ್ಲುಕಟ್ಟು). ಮೂವತ್ತರ ವಯಸ್ಸಿನಲ್ಲಿ ಅರೆಮಂಡಿ, ಅಂದರೆ ಮಂಡಿಗಳನ್ನ ಹೊರಕ್ಕೆ ಅರ್ಧ ಬಾಗಿಸಿ, ಕೂತು ಕಲಿಯೋದು ಎಂಥ ಕಷ್ಟ ಅಂತ ಕ್ಲಾಸಿಗೆ ಹೋಗುವ ಯಾರನ್ನಾದರೂ ಕೇಳಿ. 1935ರ ಡಿಸೆಂಬರಿನಲ್ಲಿ ಅಡ್ಯಾರಿನಲ್ಲಿ, ಬಯಲಿನಲ್ಲಿ, ಮೊದಲ ಪ್ರದರ್ಶನ. ಮಾರನೇ ವರ್ಷ, ಇವತ್ತು ನಾವು ಕಲಾಕ್ಷೇತ್ರ ಅಂತ ಕರೆಯುವ ಶಾಲೆ ಶುರು.

(ಎರಡು ಫೋಟೋ ಪಕ್ಕಪಕ್ಕ: 1900ರ ಸುಮಾರಿನ ನರ್ತಕಿಯರ ಗುಂಪು, ಇವತ್ತಿನ ರಂಗಪ್ರವೇಶದ ಹುಡುಗಿ)

ಈಗ ಬಟ್ಟೆಯ ವಿಷಯಕ್ಕೆ ಬರ್ತೀನಿ. ಈ ವಿಡಿಯೋದಲ್ಲಿ ನನಗೆ ಅತಿ ಪ್ರೀತಿಯ ಭಾಗ ಇದು, ಸ್ವಲ್ಪ ಹೆಚ್ಚು ಹೊತ್ತು ನಿಲ್ತೀನಿ. ಎಡಗಡೆ ಫೋಟೋ ನೋಡಿ. ಪೈಜಾಮದ ಮೇಲೆ ಪೂರ್ತಿ ಸೀರೆ ಉಟ್ಟಿದ್ದಾರೆ. ಸೊಂಟದಲ್ಲಿ ದಪ್ಪ ಸುತ್ತು, ಮುಂದೆ ಇಳಿಬಿಟ್ಟ ಸೆರಗು. ಇದಕ್ಕೊಂದು ಗಾಂಭೀರ್ಯ ಇದೆ, ಹತ್ತಿರ ಕೂತು ನೋಡುವ ಅರಮನೆಗೆ, ಮದುವೆ ಮನೆಗೆ ಇದು ಚಂದ. ಆದರೆ ಸಾವಿರ ಜನ ಕೂರುವ ಸಭಾಂಗಣದಲ್ಲಿ ಕೊನೇ ಸಾಲಿನವರಿಗೆ ಏನು ಕಾಣುತ್ತೆ? ಮಂಡಿ ಎಷ್ಟು ಬಾಗಿದೆ ಅನ್ನೋದು ಕಾಣಲ್ಲ.

ಈಗ ಬಲಗಡೆ. ಅರೆಮಂಡಿಗೆ ಕೂತ ತಕ್ಷಣ ಎರಡು ಮಂಡಿಗಳ ನಡುವೆ ಫ್ಯಾನ್ ಬಿಚ್ಚಿಕೊಳ್ಳುತ್ತೆ. ಎದ್ದರೆ ಮುಚ್ಚುತ್ತೆ. ಮಂಡಿಯ ಬಾಗು ಎಷ್ಟಿದೆ ಅಂತ ಆ ನೆರಿಗೆಗಳೇ ಕೊನೇ ಸಾಲಿನವರೆಗೂ ಹೇಳುತ್ತವೆ. ಬಾಗು ಕಡಿಮೆ ಆದರೆ ಫ್ಯಾನ್ ಅರ್ಧಕ್ಕೇ ನಿಲ್ಲುತ್ತೆ, ಗುರುಗಳಿಗೆ ದೂರದಿಂದಲೇ ಗೊತ್ತಾಗುತ್ತೆ! ರುಕ್ಮಿಣೀ ದೇವಿ ಗುಡಿಯ ಶಿಲ್ಪಗಳ ಉಡುಗೆಯನ್ನ ನೋಡಿ ಕಲ್ಪನೆ ಮಾಡಿದರು. ಅದನ್ನ ಕತ್ತರಿಸಿ ಹೊಲಿಯುವಲ್ಲಿ ನೆರವಾದವರು ಅಡ್ಯಾರಿನಲ್ಲಿದ್ದ ಇಟಲಿಯ ಒಬ್ಬ ಹೆಂಗಸು. ಸಾವಿರ ವರ್ಷದ ಶಿಲ್ಪ, ಕಾಂಚೀಪುರದ ರೇಷ್ಮೆ, ಇಟಲಿಯ ಸೂಜಿ. ಇದರಲ್ಲಿ ಪಾವ್ಲೋವಾ ಕೈವಾಡ ನೇರವಾಗಿ ಇಲ್ಲ. ಆದರೆ ನರ್ತಕಿಯ ಮೈಯನ್ನ ರಂಗದ ದೂರದಿಂದ ನೋಡುವ ಕಣ್ಣನ್ನ ರುಕ್ಮಿಣೀ ದೇವಿಯವರಿಗೆ ಕೊಟ್ಟಿದ್ದು ಬ್ಯಾಲೆ ಅಂತ ನಾನು ಗಟ್ಟಿಯಾಗಿ ನಂಬ್ತೀನಿ. ಬ್ಯಾಲೆಯಲ್ಲಿ ಬಟ್ಟೆ, ಬೆಳಕು, ಪರದೆ, ಸಂಗೀತ ಯಾವುದೂ ಬಿಡಿಯಲ್ಲ, ಎಲ್ಲಾ ಸೇರಿ ಒಂದು ಕೃತಿ.

ಹಾಗೇ ನೋಡ್ತಾ ಹೋಗಿ. ಹಿಂದೆ ವಾದ್ಯದವರು ನರ್ತಕಿಯ ಬೆನ್ನ ಹಿಂದೆ ನಿಂತು, ಅವಳು ಮುಂದೆ ಬಂದರೆ ತಾವೂ ಬಂದು, ಹಿಂದೆ ಸರಿದರೆ ತಾವೂ ಸರಿದು ನುಡಿಸ್ತಿದ್ದರು. ಕಲಾಕ್ಷೇತ್ರದಲ್ಲಿ ಅವರು ವೇದಿಕೆಯ ಪಕ್ಕಕ್ಕೆ ಬಂದು ಕೂತರು. ಬೆಳಕಿನ ವಿನ್ಯಾಸ ಬಂತು. ವೇದಿಕೆ ಮೇಲೆ ನಟರಾಜ ಬಂದ. ಹೆಜ್ಜೆ ಪಂದನಲ್ಲೂರಿನದೇ, ರಂಗ ಮಾತ್ರ ಹೊಸದು. 1944ರಲ್ಲಿ ಕುಟ್ರಾಲ ಕುರವಂಜಿ ಅನ್ನೋ ನೃತ್ಯನಾಟಕ, 1955ರಿಂದ ಸಾಲಾಗಿ ರಾಮಾಯಣದ ನೃತ್ಯರೂಪಕಗಳು. ಗುಂಪಿನಲ್ಲಿ ಇಡೀ ಕಥೆಯನ್ನೇ ಕುಣಿಯುವ ಇಂಥ ಪ್ರಯೋಗಗಳಿಗೆ ನಮ್ಮ ಬೆಂಗಳೂರಿನಲ್ಲಿ ಜನ ಇವತ್ತಿಗೂ ಏನಂತಾರೆ? ಬ್ಯಾಲೆ! ಪಾಶ್ಚಾತ್ಯ ಬ್ಯಾಲೆಯವರ ಹಾಗೆ ಒಬ್ಬರೂ ಹೆಬ್ಬೆರಳ ತುದಿಯ ಮೇಲೆ ನಿಲ್ಲಲ್ಲ, ಆದರೂ ಬ್ಯಾಲೆ. ಈ ಪದ ನಮ್ಮ ಬಾಯಿಗೆ ಬರೋದರಲ್ಲಿ ಉದಯ ಶಂಕರ್ ಅವರ ಪಾಲು ದೊಡ್ಡದು.

ಇದೆಲ್ಲ ಬರೀ ಲಾಭದ ಲೆಕ್ಕ ಅಲ್ಲ. ಬಟ್ಟೆ ಬದಲಾಯ್ತು, ರಂಗ ಬದಲಾಯ್ತು, ಕುಣಿಯುವವರ ಮನೆಗಳೂ ಬದಲಾದವು. ತಲೆತಲಾಂತರದಿಂದ ವಿದ್ಯೆ ಕಾಪಾಡಿಕೊಂಡು ಬಂದ ಕುಟುಂಬಗಳ ಹೆಣ್ಣುಮಕ್ಕಳು ವೇದಿಕೆಯಿಂದ ಮರೆಯಾಗ್ತಾ ಹೋದರು. ಶೃಂಗಾರವನ್ನ ಹಗುರ ಮಾಡಿದ್ದಕ್ಕೆ ಬಾಲಸರಸ್ವತಿ ಒಪ್ಪಲೇ ಇಲ್ಲ, ಶೃಂಗಾರವೇ ಈ ನೃತ್ಯದ ಜೀವ ಅಂತ ಕೊನೇವರೆಗೂ ವಾದಿಸಿದರು. ಈ ವಿಷಯದಲ್ಲಿ ನಾನು ಬಾಲಮ್ಮನ ಕಡೆ.

ಇನ್ನು ಉದಯ ಶಂಕರ್ ಕಥೆ ಬಾಕಿ ಇದೆ, ಬೇಗ ಬೇಗ ಹೇಳ್ತೀನಿ. ಸ್ವಿಟ್ಜರ್‌ಲೆಂಡಿನ ಶಿಲ್ಪಿ ಆಲಿಸ್ ಬೋನರ್ ಜೊತೆ ಭಾರತವನ್ನ ಸುತ್ತಿ, ನೃತ್ಯಗಳನ್ನ ಕಣ್ಣಾರೆ ಕಂಡು, 1931ರಲ್ಲಿ ಪ್ಯಾರಿಸಿನಲ್ಲಿ ಸ್ವಂತ ತಂಡ ರಂಗಕ್ಕೆ ತಂದರು. ಅಮೆರಿಕದಲ್ಲಿ ಆ ತಂಡವನ್ನ ಊರೂರಿಗೆ ಕರೆದೊಯ್ದವರು ಸೋಲ್ ಹ್ಯೂರಾಕ್, ಅದಕ್ಕೂ ಹಿಂದೆ ಪಾವ್ಲೋವಾ ಪ್ರದರ್ಶನಗಳನ್ನ ಏರ್ಪಡಿಸ್ತಿದ್ದವರೇ. ಆಮೇಲೆ ಹಿಮಾಲಯದ ಆಲ್ಮೋರಾದಲ್ಲಿ ಶಾಲೆ: ಒಂದೇ ಸೂರಿನಡಿ ಕಥಕಳಿ, ಭರತನಾಟ್ಯ, ಮಣಿಪುರಿ. ಕೆಲವೇ ವರ್ಷಗಳಲ್ಲಿ ಅದು ಮುಚ್ಚಿಹೋಯ್ತು. ಆದರೆ ಅಷ್ಟರಲ್ಲಿ ಅಲ್ಲಿ ಕಲಿತು ಹೋದ ಹುಡುಗರಲ್ಲಿ ಒಬ್ಬ, ಬೆಂಗಳೂರಿನಲ್ಲಿ ಹುಟ್ಟಿದ ಪಡುಕೋಣೆ ಮನೆತನದವನು. ಅವನನ್ನ ನಾವು ಗುರುದತ್ ಅಂತ ಕರೀತೀವಿ. ಅವರ ಸಿನಿಮಾ ಹಾಡುಗಳಲ್ಲಿ ಕ್ಯಾಮೆರಾ ಮತ್ತು ಪಾತ್ರಗಳು ಜೊತೆಜೊತೆಗೆ ಸರಿಯುವ ರೀತಿಯನ್ನ ಇನ್ನೊಮ್ಮೆ ನೋಡಿ.

ಬೆಂಗಳೂರಿನ ಬಿಆರ್‌ವಿ ಟಾಕೀಸಿಗೆ ಉದಯ ಶಂಕರ್ ತಂಡ ಬಂದಿತ್ತು. ನೋಡಿ ಬಂದ ಒಬ್ಬ ತಂದೆ, ನನ್ನ ಹೆಣ್ಣುಮಕ್ಕಳೂ ನೃತ್ಯ ಕಲೀಬೇಕು ಅಂತ ತೀರ್ಮಾನ ಮಾಡಿದರು. ಆ ಮಕ್ಕಳಲ್ಲಿ ಒಬ್ಬರು ಮಾಯಾ ರಾವ್. ಕಥಕ್ ಕಲಿತು, 1960ರ ದಶಕದಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋಗಿ ನೃತ್ಯ ಸಂಯೋಜನೆ ಓದಿ ಬಂದರು. ಪಾವ್ಲೋವಾ ಹೊರಟು ಬಂದ ನಾಡಿಗೆ ಬೆಂಗಳೂರಿನ ಹುಡುಗಿ ಕಲಿಯೋಕೆ ಹೋದದ್ದು!

ಕೊನೆಗೆ ಒಂದೇ ಒಂದು ಫೋಟೋ ತೋರಿಸ್ತೀನಿ.

(ರಾಮ್ ಗೋಪಾಲ್, ಅಲೀಸಿಯಾ ಮಾರ್ಕೋವಾ)

ಇವರು ರಾಮ್ ಗೋಪಾಲ್. ಬೆಂಗಳೂರಿನಲ್ಲೇ ಹುಟ್ಟಿದವರು. ಕಥಕಳಿಗೆ ಕುಂಜು ಕುರುಪ್, ಭರತನಾಟ್ಯಕ್ಕೆ ಅದೇ ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೈ. ಪಕ್ಕದಲ್ಲಿರೋದು ಬ್ರಿಟನ್ನಿನ ಹೆಸರಾಂತ ಬ್ಯಾಲೆ ನರ್ತಕಿ ಮಾರ್ಕೋವಾ. 1960ರಲ್ಲಿ ಇವರಿಬ್ಬರೂ ಸೇರಿ ಕುಣಿದದ್ದು ರಾಧಾ-ಕೃಷ್ಣ. ಮೂವತ್ತೇಳು ವರ್ಷದ ಹಿಂದೆ ಪಾವ್ಲೋವಾ ಪಕ್ಕ ನಿಂತಿದ್ದ ಕೃಷ್ಣನಿಗೆ ಗುರು ಇರಲಿಲ್ಲ. ಈ ಕೃಷ್ಣನ ಕಾಲು ನೋಡಿ, ಮಂಡಿ ನೋಡಿ, ಎಷ್ಟು ಅಚ್ಚುಕಟ್ಟಾದ ಅರೆಮಂಡಿ.