ಆಹಾರದ ಕೇಸುಗಳು ಬಿದ್ದುಹೋಗುವುದು ಎಲ್ಲಿ?

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ನಿಂತು ಆಹಾರ ಸುರಕ್ಷತೆಯ ಮಾತೆತ್ತಿದರೆ ತಟ್ಟೆ ಇಡ್ಲಿಯನ್ನು ದಾಟಿ ಹೋಗುವಂತಿಲ್ಲ. ಇಡ್ಲಿ ಬೇಯಿಸುವಾಗ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುವುದಕ್ಕೆ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ತಡೆ ಹಾಕಿತು. ಒಳ್ಳೆಯದೇ. ಆದರೆ ತಡೆ ಹಾಕುವುದು ಬೇರೆ, ತಪ್ಪನ್ನು ಕೋರ್ಟಿನಲ್ಲಿ ಸಾಬೀತು ಮಾಡುವುದು ಬೇರೆ.

ಮ್ಯಾಗಿ ಪ್ರಕರಣ ನೋಡಿ. 2015ರ ಜೂನ್ 5ರಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಈ ನೂಡಲ್ಸ್ ಮಾರಾಟ ನಿಲ್ಲಿಸಿತು. ಆಗಸ್ಟ್ 13ಕ್ಕೆ ಬಾಂಬೆ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಪರೀಕ್ಷೆ ಮಾಡಿದ ಲ್ಯಾಬುಗಳಿಗೆ ಬೇಕಾದ ಮಾನ್ಯತೆ ಇರಲಿಲ್ಲ, ಕಂಪನಿಯ ಅಹವಾಲು ಕೇಳಿರಲಿಲ್ಲ. ಸರ್ಕಾರ ಕೇಳಿದ್ದ 640 ಕೋಟಿ ರೂಪಾಯಿ ಪರಿಹಾರವನ್ನೂ ರಾಷ್ಟ್ರೀಯ ಗ್ರಾಹಕ ಆಯೋಗ 2024ರಲ್ಲಿ ತಳ್ಳಿಹಾಕಿತು.

ಹಾಗಾಗಿ ಸ್ಯಾಂಪಲ್ ತೆಗೆಯುವ ಆ ಅರ್ಧ ಗಂಟೆಯೇ ಕೇಸಿನ ಜೀವ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಪ್ರಕಾರ ಸ್ಯಾಂಪಲನ್ನು ನಾಲ್ಕು ಭಾಗ ಮಾಡಿ ಸೀಲ್ ಹಾಕಬೇಕು. ಒಂದು ಆಹಾರ ವಿಶ್ಲೇಷಕರಿಗೆ, ಅಂದರೆ ಲ್ಯಾಬಿನಲ್ಲಿ ಪರೀಕ್ಷೆ ಮಾಡುವವರಿಗೆ; ಎರಡು ಅಂಕಿತಾಧಿಕಾರಿಗೆ, ಅಂದರೆ ಜಿಲ್ಲೆಯ ಆಹಾರ ಸುರಕ್ಷತೆಯ ಹೊಣೆ ಹೊತ್ತವರಿಗೆ. ನಾಲ್ಕನೆಯದನ್ನು ಮಾನ್ಯತೆ ಪಡೆದ ಬೇರೊಂದು ಲ್ಯಾಬಿಗೆ ಕಳಿಸಿ ಎಂದು ಅಂಗಡಿಯವರು ಕೇಳಬಹುದು, ಖರ್ಚು ಅವರದೇ. ಹೋಟೆಲಿನವರು ಗಾಬರಿಯಲ್ಲಿ ಇದನ್ನು ಕೇಳುವುದೇ ಇಲ್ಲ, ಆಮೇಲೆ ಪೇಚಾಡುತ್ತಾರೆ. ವಿಶ್ಲೇಷಕರು 14 ದಿನದಲ್ಲಿ ವರದಿ ಕೊಡಬೇಕು. ವರದಿ ಒಪ್ಪದಿದ್ದರೆ 30 ದಿನದೊಳಗೆ ಅಂಕಿತಾಧಿಕಾರಿಗೆ ಮೇಲ್ಮನವಿ ಹಾಕಿ. ಆಗ ಅವರು ಇಟ್ಟುಕೊಂಡ ಭಾಗ ಮೈಸೂರಿನ ಸಿಎಫ್‌ಟಿಆರ್‌ಐನಂಥ (ಕೇಂದ್ರದ ಆಹಾರ ಸಂಶೋಧನಾ ಸಂಸ್ಥೆ) ರೆಫರಲ್ ಲ್ಯಾಬಿಗೆ, ಅಂದರೆ ಮರುಪರೀಕ್ಷೆಯ ಲ್ಯಾಬಿಗೆ ಹೋಗುತ್ತದೆ. ಇಲಾಖೆಗೂ ಗಡುವಿದೆ. ಅಪರಾಧ ನಡೆದ ಒಂದು ವರ್ಷದೊಳಗೆ ಕೇಸು ದಾಖಲಾಗಬೇಕು. ರಾಜ್ಯದ ಆಹಾರ ಸುರಕ್ಷತಾ ಆಯುಕ್ತರು ಕಾರಣ ಬರೆದಿಟ್ಟರೆ ಮಾತ್ರ ಮೂರು ವರ್ಷದವರೆಗೆ ಅವಕಾಶ.

ಕಳಪೆ ಗುಣಮಟ್ಟವಾದರೆ 5 ಲಕ್ಷದವರೆಗೆ, ತಪ್ಪು ಲೇಬಲ್ ಆದರೆ 3 ಲಕ್ಷದವರೆಗೆ ದಂಡ. ಇವು ಅಪರ ಜಿಲ್ಲಾಧಿಕಾರಿಗಳ ಮುಂದೆಯೇ ತೀರುತ್ತವೆ. ಅಸುರಕ್ಷಿತ ಆಹಾರ ತಿಂದು ಸಾವಾದರೆ ಕನಿಷ್ಠ 7 ವರ್ಷ ಜೈಲು.

ಇನ್ನು ತಿಂದು ಹಾಸಿಗೆ ಹಿಡಿದವರ ವಿಷಯ. ಇಲ್ಲಿ ಕೇಸು ಸೋಲುವುದು ಒಂದೇ ಪ್ರಶ್ನೆಗೆ: ಕಾಯಿಲೆ ಇದೇ ಊಟದಿಂದ ಬಂತೆನ್ನಲು ಏನು ಆಧಾರ? ಕೊನೆಗೆ ತಿಂದದ್ದರ ಮೇಲೆಯೇ ಎಲ್ಲರ ಅನುಮಾನ. ಆದರೆ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾದ ವಿಷ ಕೆಲವೇ ಗಂಟೆಗಳಲ್ಲಿ ವಾಂತಿ ತರಿಸಿದರೆ, ಸಾಲ್ಮೊನೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ 6ರಿಂದ 72 ಗಂಟೆ ತೆಗೆದುಕೊಳ್ಳುತ್ತದೆ. ಅಂದರೆ ಮೊನ್ನೆಯ ಮದುವೆ ಊಟವೂ ಆಗಿರಬಹುದು. ಆದ್ದರಿಂದ ಹಿಂದಿನ ಮೂರು ದಿನ ಏನು, ಎಲ್ಲಿ, ಎಷ್ಟು ಹೊತ್ತಿಗೆ ತಿಂದಿರಿ ಎಂಬುದನ್ನು ವೈದ್ಯರಿಗೆ ಹೇಳಿ ಕೇಸ್ ಶೀಟಿನಲ್ಲಿ ಬರೆಸಿ. ಸಾಧ್ಯವಾದರೆ ಆಂಟಿಬಯೋಟಿಕ್ ಶುರುವಾಗುವ ಮೊದಲೇ ಮಲದ ಕಲ್ಚರ್ ಪರೀಕ್ಷೆಗೆ ಕೊಡಿ. ಔಷಧ ಹೋದಮೇಲೆ ರೋಗಾಣು ಸಿಗದೇ ಹೋಗಬಹುದು. ಉಳಿದ ಆಹಾರವನ್ನು ಶುಭ್ರ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಿ ಬೇಡ. ಕೆಲವು ಬ್ಯಾಕ್ಟೀರಿಯಾ ಹೆಪ್ಪುಗಟ್ಟಿದರೆ ಸಾಯುತ್ತವೆ, ವರದಿ ‘ಏನೂ ಇಲ್ಲ’ ಎಂದು ಬರುತ್ತದೆ.

ಪ್ಯಾಕೆಟ್ ತಿನಿಸಾದರೆ ಅದೇ ಬ್ಯಾಚಿನ ಒಡೆಯದ ಇನ್ನೊಂದು ಪ್ಯಾಕೆಟ್ ಕೊಂಡಿಡಿ. ಒಡೆದ ಪ್ಯಾಕೆಟ್ಟಿನ ಹುಳುವನ್ನು ‘ನೀವೇ ಹಾಕಿದ್ದು’ ಎನ್ನುವುದು ಎದುರು ವಕೀಲರ ಮಾಮೂಲಿ ವಾದ. ನೀವೇ ವಿಶ್ಲೇಷಕರಿಗೆ ಕಳಿಸುವುದಿದ್ದರೆ ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಬೇಕು. ದೋಷ ಸಾಬೀತಾದರೆ ಕಟ್ಟಿದ ಶುಲ್ಕ ವಾಪಸ್. ಬಿಲ್ಲು ಕೇಳಿ ಪಡೆಯಿರಿ. ಯುಪಿಐಯಲ್ಲಿ ಬರುವುದು ಯಾರದೋ ಮಗನ ಖಾತೆಯ ಹೆಸರು. ಬಿಲ್ಲಿನಲ್ಲಿರುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಮಾಲೀಕರನ್ನು ನೇರ ತೋರಿಸುತ್ತದೆ.

ಇಲಾಖೆಯ ಕೇಸು ನಡೆಯುತ್ತಿದ್ದರೂ ನೀವು ಪರಿಹಾರಕ್ಕೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು, ಎರಡು ವರ್ಷದೊಳಗೆ. ಬೆಂಗಳೂರಿನಲ್ಲಿ ತಿಂದಿದ್ದರೂ ನೀವು ವಾಸವಿರುವುದು ಶಿರಾದಲ್ಲಾದರೆ ದೂರು ತುಮಕೂರಿನಲ್ಲೇ ಕೊಡಬಹುದು. ಜಿಲ್ಲಾ, ರಾಜ್ಯ, ರಾಷ್ಟ್ರೀಯ ಆಯೋಗಗಳಲ್ಲಿ ಯಾವುದು ಎಂದು ತೀರ್ಮಾನವಾಗುವುದು ನೀವು ಕೊಟ್ಟ ಬೆಲೆಯ ಮೇಲೆ, ಕೇಳುವ ಪರಿಹಾರದ ಮೇಲಲ್ಲ; 2025ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. 5 ಲಕ್ಷದವರೆಗಿನ ಬೆಲೆಗೆ ದೂರಿನ ಶುಲ್ಕವೂ ಇಲ್ಲ.