ಬಿಟ್ಟದ್ದು ಗೊತ್ತಾಯ್ತು, ಹಿಡಿದದ್ದು ಎಂತ?

ಎಲ್ಲರಿಗೂ ನಮಸ್ಕಾರ. ಹೋದ ವಿಡಿಯೋದ ಕೆಳಗೆ ಒಬ್ಬರು ಬರೆದಿದ್ದಾರೆ: "ಮನೆಯವರ ಪೂಜೆ, ವ್ರತ, ತಂಬಿಲ (ದೈವಕ್ಕೆ ಕೊಡುವ ಸೇವೆ) ಎಲ್ಲ ಬಿಟ್ಟೆ. ಈಗ ನನ್ನದೇ ಅಧ್ಯಾತ್ಮ. ಅದಕ್ಕೆ ನಿಯಮ ಇಲ್ಲ, ಹೊತ್ತು ಗೊತ್ತು ಇಲ್ಲ." ಅದಕ್ಕೆ ಲೈಕು ಬೇರೆ! ಒಳ್ಳೆದಾಯ್ತು. ಬಿಟ್ಟದ್ದು ಗೊತ್ತಾಯ್ತು. ಹಿಡಿದದ್ದು ಎಂತ ಮಾರಾಯ್ರೇ?

ಹುಟ್ಟಿದ ಮತದಿಂದ ಆಚೆ ಹುಡುಕುವುದಕ್ಕೆ ನನ್ನ ತಕರಾರೇ ಇಲ್ಲ. ನಮ್ಮ ಕಾಸರಗೋಡಿನ ಗಡಿನಾಡಿನಲ್ಲಿ ಅದು ಹೊಸತೂ ಅಲ್ಲ. ಮಂಜೇಶ್ವರದಲ್ಲಿ ಕೂತು ಗೋವಿಂದ ಪೈಗಳು ಏಸುವಿನ ಕೊನೆಯ ದಿನದ ಮೇಲೆ ಕಾವ್ಯ ಬರೆದರು, ಬುದ್ಧನ ಕೊನೆಯ ದಿನದ ಮೇಲೂ ಬರೆದರು. ಯಾರೂ ಅವರನ್ನು ಊರು ಬಿಡಿಸಲಿಲ್ಲ. ನನ್ನ ಪ್ರಶ್ನೆ ಒಂದೇ: ಬೆಳಿಗ್ಗೆ ಎದ್ದು ಎಂತ ಮಾಡ್ತೀರಿ? ಎಷ್ಟು ಗಂಟೆಗೆ? ಎಷ್ಟು ಹೊತ್ತು?

ಕಾಞಂಗಾಡಿನ ಸ್ವಾಮಿ ರಾಮದಾಸರನ್ನು ನೋಡಿ. ಪೂರ್ವಾಶ್ರಮದಲ್ಲಿ ವಿಠಲ ರಾವ್, ಅಲ್ಲಿಯದೇ ಹೊಸದುರ್ಗದವರು, ಹುಟ್ಟಿದ್ದು 1884ರಲ್ಲಿ. 1922ರ ಕೊನೆಗೆ ಮನೆ, ವ್ಯಾಪಾರ ಎಲ್ಲ ಬಿಟ್ಟು ಹೊರಟರು. ಶ್ರೀರಂಗಕ್ಕೆ ಹೋಗಿ ಕಾವೇರಿ ತೀರದಲ್ಲಿ ತಾವೇ ಕಾವಿ ಉಟ್ಟರು, ಯಾವ ಮಠದ ದೀಕ್ಷೆಯೂ ಇಲ್ಲ. ತಿರುವಣ್ಣಾಮಲೆಗೆ ಹೋಗಿ ರಮಣ ಮಹರ್ಷಿಗಳನ್ನು ಕಂಡರು. ಬಿಟ್ಟದ್ದರ ಪಟ್ಟಿ ನಿಮ್ಮದಕ್ಕಿಂತ ಉದ್ದ ಉಂಟು. ಆದರೆ ಹಿಡಿದದ್ದು? 'ಓಂ ಶ್ರೀರಾಮ್ ಜಯ್ ರಾಮ್ ಜಯ್ ಜಯ್ ರಾಮ್.' ನಡೆಯುವಾಗ ಅದೇ, ರೈಲಿನಲ್ಲಿ ಅದೇ, ಹಸಿದಾಗಲೂ ಅದೇ. 1931ರಲ್ಲಿ ಆನಂದಾಶ್ರಮ ಆಯ್ತು. ಅಲ್ಲಿ ಇವತ್ತಿಗೂ ಬೆಳಗಿನಿಂದ ರಾತ್ರಿವರೆಗೆ ರಾಮನಾಮ ನಡೆಯುತ್ತದೆ. ಕಾಸರಗೋಡಿನಿಂದ ಒಂದು ಬಸ್ಸು ಹತ್ತಿದರೆ ಮುಗಿಯಿತು, ಆದರೆ ನಮ್ಮವರಿಗೆ ಹಿಮಾಲಯವೇ ಆಗ್ಬೇಕು.

"ದೇವರ ಹೆಸರೇ ಬೇಡ" ಅಂತೀರಾ? ಸರಿ. ಗೋಯಂಕಾ ಅವರ ವಿಪಶ್ಯನಾ ಧ್ಯಾನದ ಶಿಬಿರಕ್ಕೆ ಹೋಗಿ. ಅವರೂ ಬರ್ಮಾದ ಸನಾತನಿ ಮಾರ್ವಾಡಿ ಮನೆಯಲ್ಲಿ ಹುಟ್ಟಿ ಆಚೆ ದಾರಿ ಹಿಡಿದವರೇ. ಹತ್ತು ದಿನದ ಶಿಬಿರ, ಶುಲ್ಕ ಇಲ್ಲ. ಬೆಳಿಗ್ಗೆ ನಾಲ್ಕಕ್ಕೆ ಗಂಟೆ ಬಾರಿಸ್ತಾರೆ (ಅದನ್ನು ನಿರ್ಲಕ್ಷಿಸ್ಲಿಕ್ಕೆ ಆಗುವುದಿಲ್ಲ, ನೀವು ನನ್ನ ಚಾನೆಲ್‌ನ ಗಂಟೆಯನ್ನು ನಿರ್ಲಕ್ಷಿಸಿದ ಹಾಗೆ). ಮಾತಿಲ್ಲ, ಫೋನಿಲ್ಲ, ಪುಸ್ತಕ ಇಲ್ಲ. ಮೊದಲ ಮೂರು ದಿನ ಮೂಗಿನ ಹತ್ತಿರ ಉಸಿರು ನೋಡುವುದು ಮಾತ್ರ. ವಿಪಶ್ಯನಾ, ಅಂದರೆ ಮೈಯ ಸಂವೇದನೆಗಳನ್ನು ಸುಮ್ಮನೆ ಗಮನಿಸುವುದು, ಶುರುವಾಗುವುದೇ ನಾಲ್ಕನೇ ದಿನ. ಅಷ್ಟು ದಿನ ನಿಮ್ಮ ಜಪ, ಮಂತ್ರ, ಬೇರೆ ಧ್ಯಾನ ಎಲ್ಲ ಬದಿಗಿಡಬೇಕು. ಯಾಕೆ? ಉಸಿರು ನೋಡುವಾಗ ನಡುವೆ ಮಂತ್ರ ಸೇರಿಸಿದರೆ ಮನಸ್ಸು ಮಂತ್ರಕ್ಕೆ ಅಂಟಿಕೊಳ್ಳುತ್ತದೆ, ಉಸಿರು ಕೈಬಿಡುತ್ತದೆ. ಮನೆಗೆ ಬಂದ ಮೇಲೆ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂರಿ ಅಂತ ಹೇಳಿ ಕಳಿಸ್ತಾರೆ. ನಿಯಮ ಇಲ್ಲದ ದಾರಿ ಹುಡುಕಿದವರಿಗೆ ಅಲ್ಲಿ ಸಿಗುವುದು ನಿಯಮವೇ! ಒಂದು ಎಚ್ಚರಿಕೆ: ಮಾನಸಿಕ ಕಾಯಿಲೆಗೆ ಮದ್ದು ತೆಗೆದುಕೊಳ್ಳುವವರು ಅರ್ಜಿಯಲ್ಲಿ ಅದನ್ನು ಬರೆಯಲೇಬೇಕು. ಡಾಕ್ಟರನ್ನು ಕೇಳದೆ ಹೋಗ್ಬೇಡಿ. ಧ್ಯಾನಕ್ಕೋಸ್ಕರ ಮಾತ್ರೆ ನಿಲ್ಲಿಸುವ ಹುಚ್ಚುತನ ಅಂತೂ ಬೇಡವೇ ಬೇಡ.

ಶಿಬಿರಕ್ಕೆಲ್ಲ ಪುರುಸೊತ್ತಿಲ್ವಾ? ಮನೆಯಲ್ಲೇ ಇಪ್ಪತ್ತು ನಿಮಿಷ. ಒಂದೇ ಜಾಗ, ಒಂದೇ ಹೊತ್ತು, ಫೋನು ಬೇರೆ ಕೋಣೆಯಲ್ಲಿ. ಬೆಡ್‌ಶೀಟು ನಾಲ್ಕು ಮಡಿಕೆ ಮಾಡಿ ಕುಂಡೆಯ ಅಡಿಗೆ ಇಟ್ಟುಕೊಳ್ಳಿ, ಸೊಂಟ ಮೊಣಕಾಲಿಗಿಂತ ಸ್ವಲ್ಪ ಮೇಲೆ ಬರಬೇಕು. ಇಲ್ಲದಿದ್ದರೆ ಬೆನ್ನು ಬಗ್ಗುತ್ತದೆ, ಹತ್ತೇ ನಿಮಿಷಕ್ಕೆ ಕಾಲು ಜೋಮು ಹಿಡಿಯುತ್ತದೆ. ಗಂಟುನೋವು ಇದ್ದವರು ಕುರ್ಚಿಯಲ್ಲೇ ಕೂರಿ, ಪಾದ ನೆಲಕ್ಕೆ ತಾಗಲಿ. ಪದ್ಮಾಸನಕ್ಕೆ ಬಹುಮಾನ ಇಲ್ಲ. ಉಸಿರು ಬಿಡುವಾಗ ಒಂದು, ಎರಡು ಅಂತ ಹತ್ತರವರೆಗೆ ಎಣಿಸಿ. ತಪ್ಪಿದರೆ ಮತ್ತೆ ಒಂದರಿಂದ. ಹದಿನೇಳಕ್ಕೆ ಬಂದು ನಿಂತಿದ್ದೀರಾ? ಬೇಜಾರಿಲ್ಲ, ಮತ್ತೆ ಒಂದು. ಕುಚ್ಚಲಕ್ಕಿ ಗಂಜಿ ಉಂಡು ಕೂರಬೇಡಿ, ತೂಕಡಿಕೆ ಗ್ಯಾರಂಟಿ. ಉಣ್ಣದಿದ್ದರೂ ನಿದ್ದೆ ಬಂದರೆ ಕಣ್ಣು ಅರೆ ತೆರೆದು ನೆಲ ನೋಡಿ.

ಕೆಲವು ವಾರ ಕಳೆದ ಮೇಲೆ "ಎಂತ ಸಹ ಆಗುದಿಲ್ಲ" ಅಂತ ಅನಿಸ್ತದೆ. ಹೊಸ ಗುರು, ಹೊಸ ಆ್ಯಪು, ಹೊಸ ಹರಳಿನ ಉಂಗುರ ಎಲ್ಲ ಶುರುವಾಗುವುದು ಅಲ್ಲಿಂದಲೇ. ಮೂರು ತಿಂಗಳು ಅದನ್ನೇ ಮಾಡಿ, ಮತ್ತೆ ಬೇಕಾದರೆ ಬದಲಿಸಿ.

"ಎಲ್ಲ ದಾರಿಯೂ ಒಂದೇ ಕಡೆ ಹೋಗ್ತದೆ ಸರ್." ಹೋಗಲಿ! ಕುಂಬಳೆಯಿಂದ ಬದಿಯಡ್ಕಕ್ಕೂ ಬಸ್ಸುಂಟು, ಮಂಗಳೂರಿಗೂ ಉಂಟು. ಸ್ಟ್ಯಾಂಡಿನಲ್ಲಿ ಕೂತು ಬೋರ್ಡು ಓದುವವನು ಎಲ್ಲಿಗೆ ಮುಟ್ತಾನೆ?

"ಮನೆಯಲ್ಲಿ ಬಿಡುವುದಿಲ್ಲ ಸರ್." ಇಪ್ಪತ್ತು ನಿಮಿಷ ಸುಮ್ಮನೆ ಕೂರ್ಲಿಕ್ಕೆ ಯಾವ ಅಮ್ಮ ಬೇಡ ಹೇಳ್ತಾರೆ? ಬೇಡ ಹೇಳುವುದು ನಿಮ್ಮ ಭಾಷಣಕ್ಕೆ. ತರವಾಡಿನಲ್ಲಿ, ಅಂದರೆ ಕುಟುಂಬದ ಮೂಲ ಮನೆಯಲ್ಲಿ, ದೈವದ ಕೋಲ ಉಂಟಾ? ವಂತಿಗೆ ಕೊಡಿ, ಬಡಿಸ್ಲಿಕ್ಕೆ ನಿಲ್ಲಿ, ಪ್ರಸಾದ ಕೊಟ್ಟರೆ ತಗೊಳ್ಳಿ. ದೈವದ ಎದುರು ನಿಂತು ನಿಮ್ಮ ಹೊಸ ಸಿದ್ಧಾಂತ ಬಿಚ್ಚಿಡಬೇಡಿ. ಅಲ್ಲಿ ಮಾತಾಡ್ಲಿಕ್ಕೆ ದೈವ ಉಂಟು, ನೀವು ಬೇಡ. ನಮಾಜು ಬಿಟ್ಟವರಿಗೂ, ಕೊಂತ (ಕ್ರೈಸ್ತರ ಜಪಮಾಲೆ) ಬಿಟ್ಟವರಿಗೂ ನಾನು ಕೇಳುವುದು ಇದನ್ನೇ: ಮನೆಯವರ ಐದು ಹೊತ್ತಿನ ಬದಲು ನಿಮ್ಮದು ಎಷ್ಟು ಹೊತ್ತು? ಸೊನ್ನೆ? ಹಾಗಾದರೆ ಸಿಕ್ಕಿದ್ದು ದಾರಿಯಲ್ಲ, ರಜೆ! ರಜೆ ಮಾಡಿ, ಬೇಡ ಹೇಳಲಿಲ್ಲ. ಅದಕ್ಕೆ ಅಧ್ಯಾತ್ಮ ಅಂತ ಬೋರ್ಡು ಹಾಕ್ಬೇಡಿ ಅಷ್ಟೇ. ಹಿಡಿದದ್ದು ಎಂತ ಹೇಳಿ! ಹೊತ್ತು ಹೇಳಿ!

ಇನ್ನು ಕೆಳಗೆ ಬಂದು "ನೀವು ಸಂಕುಚಿತ" ಅಂತ ಬರೀತಾರೆ, ಗೊತ್ತುಂಟು. ಬರೀರಿ, ಕಮೆಂಟು ಹೆಚ್ಚಾದರೆ ವಿಡಿಯೋ ಓಡ್ತದೆ. ಸಬ್‌ಸ್ಕ್ರೈಬ್ ಸಹ ಮಾಡಿ, ಅದಕ್ಕೆ ದೀಕ್ಷೆ ಬೇಡ. ಮುಂದಿನ ವಾರ ಜಪದ ಬಗ್ಗೆ. ರುದ್ರಾಕ್ಷಿಯಾ, ತುಳಸಿಯಾ, ಸ್ಫಟಿಕವಾ ಅಂತ ಈಗಲೇ ಕೇಳ್ಬೇಡಿ. ಮಾಲೆ ಆನ್‌ಲೈನಲ್ಲಿ ಬರುವವರೆಗೆ ಬಲಗೈಯ ನಾಲ್ಕು ಬೆರಳಿನ ಗೆಣ್ಣು ಎಣಿಸಿ, ಒಂದು ಬೆರಳಿಗೆ ಮೂರರ ಹಾಗೆ ಹನ್ನೆರಡು. ಒಂದು ಸುತ್ತು ಮುಗಿದಾಗ ಎಡಗೈಯಲ್ಲಿ ಒಂದು ಗೆಣ್ಣು ದಾಟಿಸಿ. ಎಡಗೈಯಲ್ಲಿ ಒಂಬತ್ತು ಆದಾಗ 108 ಆಯ್ತು. ಒಂದು ಪೈಸೆ ಖರ್ಚಿಲ್ಲ.